ಬಜ್ಜಿ ಬೆನ್ನು ಕಾಯೋ ಕೆಲಸ

ಗಿಡ್ಡ ಕಾಲಿನ ನಾಯಿ ಸಾಕೋರು ಮೊದ್ಲು ಕೇಳೋದೇ ಸೋಫಾ, ದಿವಾನ ಹತ್ತಿ ಇಳಿಯೋಕೆ ಹಾಕೋ ಇಳಿಜಾರು ಹಲಗೆ, ಅಂದ್ರೆ ರ‍್ಯಾಂಪ್ ಎಲ್ಲಿ ಸಿಗುತ್ತೆ ಅಂತ. ನಾನೂ ಅದನ್ನೇ ಕೇಳಿದ್ದೆ, ರ‍್ಯಾಂಪೂ ಮಾಡ್ಸಿದೀವಿ, ಅಳತೆ ಕೊನೇಲಿ ಕೊಡ್ತೀನಿ. ಆದ್ರೆ ನಮ್ಮ ನಾಯಿ ಬಜ್ಜೀನ ಇಷ್ಟು ದಿನ ನೋಡಿದ್ಮೇಲೆ, ಬೆನ್ನು ಕಾಯೋಕೆ ನನ್ನ ಲೆಕ್ಕದಲ್ಲಿ ಮೊದ್ಲು ಬರೋದು ತೂಕ, ಆಮೇಲೆ ದಿನಾ ನಡೆಸೋದು, ಆಮೇಲೆ ಮನೇಲಿರೋ ನೆಲ, ಅದಾದ್ಮೇಲೆ ರ‍್ಯಾಂಪು. ದುಡ್ಡು ಕೊಟ್ಟು ತರೋ ಸಾಮಾನು ಸುಲಭ, ಮಿಕ್ಕಿದ್ದು ಮನೆಮಂದಿಯೆಲ್ಲ ಸೇರಿ ಮಾಡಬೇಕಾದ ಕೆಲಸ, ಅದಕ್ಕೇ ಅದನ್ನ ಯಾರೂ ಕೇಳಲ್ಲ ಅನ್ಸುತ್ತೆ.

ಬಜ್ಜಿ ಡ್ಯಾಶ್‌ಹೌಂಡ್, ಅಂದ್ರೆ ಉದ್ದ ಬೆನ್ನು ಗಿಡ್ಡ ಕಾಲಿನ ತಳಿ, ಹೆಣ್ಣು, ಕಂದು ಬಣ್ಣ. ನಮ್ಮನೆಗೆ ಬಂದಾಗಲೇ ಎರಡು ವರ್ಷ ದಾಟಿತ್ತು. ಬೆಂಗಳೂರಲ್ಲಿದ್ದ ಸೋದರಮಾವ ಮಗನ ಹತ್ರ ಕೆನಡಾಗೆ ಹೊರಟ್ರು, ನಾಯೀನ ಯಾರಿಗೋ ಕೊಡೋ ಬದ್ಲು ನಮಗೆ ಕೊಟ್ರು, ನಾವು ಶಿವಮೊಗ್ಗಕ್ಕೆ ಕರ್ಕೊಂಡ್ ಬಂದ್ವಿ. ಜೊತೇಲಿ ಒಂದು ಬೆಲ್ಟು, ಒಂದು ಹಾಸಿಗೆ, ಒಂದು ದೊಡ್ಡ ಪ್ಯಾಕೆಟ್ ಬಿಸ್ಕತ್ತು. ಚೆನ್ನಾಗಿ ಸಾಕಿದ್ರು, ಅದ್ರಲ್ಲಿ ಎರಡು ಮಾತಿಲ್ಲ, ಸ್ವಲ್ಪ ಜಾಸ್ತೀನೇ ಚೆನ್ನಾಗಿ ಸಾಕಿದ್ರು, 9.6 ಕೆ.ಜಿ. ಇದ್ಲು.

ಇಂಜೆಕ್ಷನ್ನಿಗೆ ಅಂತ ಡಾಕ್ಟರ್ ಹತ್ರ ಕರ್ಕೊಂಡ್ ಹೋದಾಗ ಆ ಮೇಡಂ ಸೂಜಿ ಮುಟ್ಟೋಕೆ ಮುಂಚೆ ಇವಳ ಪಕ್ಕೆಲುಬು ಒತ್ತಿ ಒತ್ತಿ ನೋಡಿದ್ರು. ಆಮೇಲೆ ನನ್ನ ಕೈನೇ ಹಿಡ್ಕೊಂಡು ತೋರ್ಸಿದ್ರು. ಕೈ ಮುಷ್ಟಿ ಮಾಡಿ ಗೆಣ್ಣು ಸವರಿ ನೋಡಿ, ನಾಯಿ ಪಕ್ಕೆ ಹಂಗಿದ್ರೆ ಬಡಕಲು. ಬೆರಳು ನೆಟ್ಟಗೆ ಚಾಚಿ ಅಂಗೈ ಹಿಂಭಾಗ ಸವರಿ ನೋಡಿ, ಮೂಳೆ ಕೈಗೆ ಸಿಗುತ್ತೆ ಆದ್ರೆ ಚುಚ್ಚಲ್ಲ, ಇದು ಸರಿಯಾದ ತೂಕ. ಅಂಗೈ ತಿರುಗಿಸಿ ಬೆರಳ ಬುಡದ ಮೆತ್ತಗಿನ ಜಾಗ ಒತ್ತಿ ನೋಡಿ, ಹಂಗಿದ್ರೆ ದಪ್ಪ. ಬಜ್ಜಿ ಮೂರನೇ ಜಾತಿ. ಮೇಲಿಂದ ನೋಡಿದ್ರೆ ಪಕ್ಕೆಲುಬು ಮುಗಿದ್ಮೇಲೆ ಸೊಂಟ ಸ್ವಲ್ಪ ಒಳಗೆ ಹೋಗ್ಬೇಕಂತೆ, ಇವಳದ್ದು ಕುತ್ತಿಗೆಯಿಂದ ಬಾಲದವರೆಗೂ ಒಂದೇ ಅಗಲ. "ಒಂದೂವರೆ ಕಿಲೋ ಇಳಿಸಿ, ಇಲ್ದಿದ್ರೆ ಬೆನ್ನಿಗೆ ಬರುತ್ತೆ" ಅಂದ್ರು.

ಬೆನ್ನಿಗೆ ಯಾಕೆ ಬರುತ್ತೆ ಅಂತ ಕೇಳ್ದೆ. ಹೊರಗಡೆ ಇನ್ನೂ ನಾಲ್ಕೈದು ಜನ ಕಾಯ್ತಾ ಇದ್ರೂ ಕೂತು ಹೇಳಿದ್ರು, ಅದಕ್ಕೆ ಅವರಿಗೆ ನಾನು ಋಣಿ. ಬೆನ್ನುಮೂಳೆ ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಇರೋ ಡಿಸ್ಕ್ ಒಂಥರಾ ಒಬ್ಬಟ್ಟು, ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತಗಿನ ಹೂರಣ. ಬೇರೆ ನಾಯಿಗಳಲ್ಲಿ ಆ ಒಳಗಿನ ಜೆಲ್ಲಿ ವಯಸ್ಸಾಗೋವರೆಗೂ ಮೆತ್ತಗೇ ಇದ್ದು ಕುಲುಕಾಟ ತಡ್ಕೊಳ್ಳುತ್ತೆ. ಡ್ಯಾಶ್‌ಹೌಂಡ್ ಥರದ ತಳಿಗಳಲ್ಲಿ ಒಂದು ವರ್ಷ ಆಗೋದ್ರೊಳಗೇ ಅದು ಒಣಗೋಕೆ, ಕ್ಯಾಲ್ಸಿಯಂ ಕಟ್ಟಿ ಗಟ್ಟಿ ಆಗೋಕೆ ಶುರು. ಆಮೇಲೆ ಯಾವತ್ತೋ ಒಂದಿನ ಹೊರಗಿನ ಪದರ ಹರಿದು ಒಳಗಿಂದು ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಹೊಡೆಯುತ್ತೆ, ಹಿಂಗಾಲು ಬಿದ್ದೋಗುತ್ತೆ. ಇದಕ್ಕೆ ಐವಿಡಿಡಿ ಅಂತಾರೆ. ಜಾಸ್ತಿ ಆಗೋದು ಪಕ್ಕೆಲುಬು ಮುಗಿದು ಸೊಂಟ ಶುರುವಾಗೋ ಜಾಗದಲ್ಲಿ, ಕೆಲವಕ್ಕೆ ಕುತ್ತಿಗೇಲೂ ಆಗುತ್ತೆ. ಸಾಮಾನ್ಯವಾಗಿ ಮೂರರಿಂದ ಏಳು ವರ್ಷದೊಳಗೆ. ಡ್ಯಾಶ್‌ಹೌಂಡುಗಳಲ್ಲಿ ಸುಮಾರು ನಾಲ್ಕಕ್ಕೆ ಒಂದಕ್ಕೋ ಐದಕ್ಕೆ ಒಂದಕ್ಕೋ ಜೀವಮಾನದಲ್ಲಿ ಒಂದು ಸಲ ಬಂದೇ ಬರುತ್ತೆ ಅಂದ್ರು.

ಮನೆಗೆ ಬಂದು ನಾನು ಇನ್ನಷ್ಟು ಓದ್ದೆ. ಉದ್ದ ಬೆನ್ನು ಅಂತ ಮಾತ್ರ ಅಲ್ಲ, ಇದು ಜೀನಿಂದು. ಎಫ್‌ಜಿಎಫ್4 ಅನ್ನೋ ಜೀನಿನ ಒಂದು ಹೆಚ್ಚುವರಿ ನಕಲು ನಾಯಿಯ 18ನೇ ಕ್ರೋಮೋಸೋಮಲ್ಲಿ ಸೇರ್ಕೊಂಡು ಕಾಲು ಗಿಡ್ಡ ಮಾಡುತ್ತೆ ಅಂತ 2009ರಲ್ಲಿ ಗೊತ್ತಾಯ್ತು, ಅದೇ ಜೀನಿನ ಇನ್ನೊಂದು ನಕಲು 12ನೇ ಕ್ರೋಮೋಸೋಮಲ್ಲಿ ಇದ್ದು ಡಿಸ್ಕ್ ಹಾಳು ಮಾಡುತ್ತೆ ಅಂತ 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದೋರು ಕಂಡುಹಿಡಿದ್ರು. ಬೀಗಲ್, ಫ್ರೆಂಚ್ ಬುಲ್‌ಡಾಗ್, ಪೆಕಿಂಗೀಸ್, ಕಾಕರ್, ಶಿಹ್ ತ್ಸು ಇವಕ್ಕೂ ಡಿಸ್ಕ್ ತೊಂದರೆ ಬರುತ್ತೆ, ಶಿಹ್ ತ್ಸು ಅಂತೂ ಈಗ ನಮ್ಮೂರಲ್ಲೂ ಓಣಿಗೊಂದು ಇದೆ, ಅವರೆಲ್ಲ ಇದನ್ನ ಓದಿದ್ರೆ ಒಳ್ಳೇದು. ಡ್ಯಾಶ್‌ಹೌಂಡಲ್ಲಿ ಆ 12ನೇದು ಹೆಚ್ಚು ಕಮ್ಮಿ ಎಲ್ಲದ್ರಲ್ಲೂ ಇರುತ್ತೆ, ಹಂಗಾಗಿ ಜೀನ್ ಟೆಸ್ಟ್ ಮಾಡಿಸಿ ಮರಿ ಆರಿಸ್ತೀನಿ ಅಂದ್ರೆ ಉಪಯೋಗ ಇಲ್ಲ. ಡೆನ್ಮಾರ್ಕ್, ಫಿನ್ಲೆಂಡ್ ಕಡೆ ಅದಕ್ಕೇ ತಳಿ ಮಾಡೋಕೆ ಮುಂಚೆ ಎರಡರಿಂದ ನಾಲ್ಕು ವರ್ಷದೊಳಗೆ ಎಕ್ಸ್‌ರೇ ತೆಗೆದು ಎಷ್ಟು ಡಿಸ್ಕ್ ಗಟ್ಟಿಯಾಗಿದೆ ಅಂತ ಎಣಿಸ್ತಾರೆ, ಐದೋ ಅದಕ್ಕಿಂತ ಜಾಸ್ತಿನೋ ಇದ್ರೆ ಆ ನಾಯಿಯಿಂದ ಮರಿ ಮಾಡ್ಸಲ್ಲ. ನಮ್ಮಲ್ಲಿ ಮರಿ ಮಾರೋರನ್ನ ಇದನ್ನ ಕೇಳಿ ನೋಡಿ, ಮುಖ ಹೆಂಗ್ ಮಾಡ್ತಾರೆ ಅಂತ.

ಸರಿ, ತೂಕಕ್ಕೆ ಬರ್ತೀನಿ. ಎಂಟು ಕಿಲೋ ಚಿಲ್ರೆ ಗುರಿ ಅಂತ ಇಟ್ಕೊಂಡ್ರೆ ಇವಳಿಗೆ ದಿನಕ್ಕೆ ಸುಮಾರು 330 ಕ್ಯಾಲೊರಿ ಸಾಕು ಅಂತ ಮೇಡಂ ಲೆಕ್ಕ ಹಾಕಿ ಚೀಟೀಲಿ ಬರೆದುಕೊಟ್ರು. ಒಂದು ಮಾರಿ ಬಿಸ್ಕತ್ತಲ್ಲಿ ಇಪ್ಪತ್ತಕ್ಕಿಂತ ಸ್ವಲ್ಪ ಮೇಲೇ ಇರುತ್ತೆ. ನಮ್ಮಪ್ಪ ರಿಟೈರ್ಡ್ ಮೇಷ್ಟ್ರು, ಬೆಳಗ್ಗೆ ಕಾಫಿ ಜೊತೆ ಮೂರು, ಸಂಜೆ ಕಾಫಿ ಜೊತೆ ಮೂರು, ಇವಳಿಗೆ ಅಂತಾನೇ ಎತ್ತಿಡ್ತಿದ್ರು. ಅಲ್ಲಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಊಟ ಬರೀ ಕಾಫಿ ಟೈಮಲ್ಲೇ ಆಯ್ತು, ಅದ್ರ ಮೇಲೆ ಅಮ್ಮನ ಮೊಸರನ್ನ, ನಮ್ಮ ಮಗಳು ತಟ್ಟೇಲಿ ಬಿಟ್ಟ ಚಪಾತಿ ಅಂಚು, ಮತ್ತೆ ಅವಳ ಸ್ವಂತ ಊಟ. ಅಪ್ಪಂಗೆ ಬೈದು ಹೇಳೋಕಾಗಲ್ಲ, ಹೇಳಿದ್ರೂ ಕೇಳಲ್ಲ. ನನ್ನ ಹೆಂಡತಿ ಒಂದು ಉಪಾಯ ಮಾಡಿದ್ಲು, ಬಿಸ್ಕತ್ತು ಡಬ್ಬಿ ಪಕ್ಕದಲ್ಲಿ ಇನ್ನೊಂದು ಡಬ್ಬಿ, ಅದ್ರಲ್ಲಿ ಸೌತೆಕಾಯಿ ಚೂರು, ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್. "ಮಾವ, ನೀವು ಕೊಡೋದು ನಿಲ್ಲಿಸ್ಬೇಡಿ, ಇದ್ರಲ್ಲಿ ಕೊಡಿ" ಅಂದ್ಲು. ಕೈಯಿಂದ ಕೊಡೋ ಖುಷಿ ಅಪ್ಪಂಗೆ ಉಳೀತು, ಇಸ್ಕೊಳ್ಳೋ ಖುಷಿ ಬಜ್ಜಿಗೆ ಉಳೀತು, ನಾಯಿಗೆ ಬೇಕಿರೋದು ಬಿಸ್ಕತ್ತೇ ಅಂತ ನಾವು ಅನ್ಕೊಂಡಿರ್ತೀವಿ ಅಷ್ಟೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮಾತ್ರ ಯಾವ ಕಾರಣಕ್ಕೂ ಬೇಡ, ಅವು ನಾಯಿಗೆ ವಿಷ.

ತೂಕ ನೋಡೋಕೆ ಪ್ರತಿ ಸಲ ಆಸ್ಪತ್ರೆಗೆ ಹೋಗ್ತಿರಲಿಲ್ಲ. ನಮ್ಮ ಬೀದಿ ಕೊನೇಲಿ ಅಕ್ಕಿ ಅಂಗಡಿ ಇದೆ, ಮೂಟೆ ತೂಗೋ ಎಲೆಕ್ಟ್ರಾನಿಕ್ ತಕ್ಕಡಿ, ಪ್ಲಾಸ್ಟಿಕ್ ತರಕಾರಿ ಕ್ರೇಟ್ ಇಟ್ಟು ಸೊನ್ನೆ ಮಾಡಿ ಅದ್ರೊಳಗೆ ಇವಳನ್ನ ಕೂರಿಸಿದ್ರೆ ಕರೆಕ್ಟಾಗಿ ಬರುತ್ತೆ. ಅಂಗಡಿ ಅಣ್ಣ ಪ್ರತಿ ಭಾನುವಾರ "ಇವತ್ತಿನ ರೇಟ್ ಎಷ್ಟಣ್ಣ ಕೆ.ಜಿ.ಗೆ" ಅಂತ ಅದೇ ಜೋಕು. ವಾರಕ್ಕೆ ನೂರು ಗ್ರಾಂ ಇಳಿದ್ರೆ ಬೇಕಾದಷ್ಟಾಯ್ತು, ತುಂಬಾ ಬೇಗ ಇಳಿಸ್ಬಾರ್ದು. ನಡುವೆ ಹಬ್ಬ ಬಂದು ನಿಂತೋಯ್ತು, ಮತ್ತೆ ಶುರುವಾಯ್ತು, ಒಟ್ನಲ್ಲಿ ಐದಾರು ತಿಂಗಳಿಗೆ 8.2ಕ್ಕೆ ಬಂತು. ಮೇಲಿಂದ ನೋಡಿದ್ರೆ ಸೊಂಟ ಅಂತ ಒಂದು ಕಾಣ್ಸೋಕೆ ಶುರುವಾಯ್ತು.

ನಡೆಸೋ ವಿಷ್ಯದಲ್ಲಿ ನಂಗೆ ಸಿಕ್ಕಾಪಟ್ಟೆ ಜನ ಉಲ್ಟಾ ಹೇಳಿದ್ರು. ಬೆನ್ನು ವೀಕು, ಜಾಸ್ತಿ ಓಡಾಡಿಸ್ಬೇಡಿ, ಎತ್ಕೊಂಡೇ ಓಡಾಡಿ ಅಂತ. ಬ್ರಿಟನ್ನಲ್ಲಿ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡ್ಯಾಶ್‌ಹೌಂಡ್ ಬಗ್ಗೆ ಮಾಲೀಕರನ್ನ ಕೇಳಿ ಒಂದು ಸಮೀಕ್ಷೆ ಮಾಡಿದ್ರು, ಅದ್ರಲ್ಲಿ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ವ್ಯಾಯಾಮ ಇರೋ ನಾಯಿಗಳಲ್ಲಿ ಬೆನ್ನಿನ ತೊಂದರೆ ಕಮ್ಮಿ ಕಂಡುಬಂತು. ತಮಾಷೆ ಏನಂದ್ರೆ ಸೋಫಾ ಹತ್ತಿ ಇಳಿಯೋಕೆ ಬಿಟ್ಟ ನಾಯಿಗಳಲ್ಲೂ ಕಮ್ಮೀನೇ ಕಂಡುಬಂತು. ಹಂಗಂತ ಹಾರಿಸಿ ಅಂತ ನಾನು ಹೇಳ್ತಿಲ್ಲ, ಬೆನ್ನು ನೋವಿರೋ ನಾಯೀನ ಮಾಲೀಕ್ರೇ ಸೋಫಾ ಹತ್ತೋಕೆ ಬಿಡದೇ ಇದ್ದಿರಬಹುದು, ಇಂಥ ಸಮೀಕ್ಷೆಯಿಂದ ಯಾವುದು ಕಾರಣ ಯಾವುದು ಪರಿಣಾಮ ಅಂತ ಹೇಳೋಕಾಗಲ್ಲ. ಆದ್ರೆ ಸುಮ್ನೆ ಮೂಲೇಲಿ ಕೂರಿಸಿದ್ರೆ ಬೆನ್ನು ಉಳಿಯುತ್ತೆ ಅನ್ನೋದಕ್ಕೆ ಯಾವ ಆಧಾರಾನೂ ಇಲ್ಲ ಅಂತ ಮೇಡಮ್ಮೂ ಹೇಳಿದ್ರು. ಬೆನ್ನು, ಹೊಟ್ಟೆ ಮಾಂಸಖಂಡ ಗಟ್ಟಿಯಾಗಿದ್ರೆ ತಾನೆ ಮೂಳೆ ಮೇಲೆ ಭಾರ ಕಮ್ಮಿ ಬೀಳೋದು.

ಈ ಕೆಲಸ ಅಪ್ಪಂಗೇ ಹೋಯ್ತು, ಯಾಕಂದ್ರೆ ಅವರಿಗೂ ಶುಗರ್ ಇದೆ, ನಡೀಬೇಕು. ಮೊದ್ಲು ಹತ್ತು ನಿಮಿಷ ನಡೆದ್ರೆ ಬಜ್ಜಿ ರಸ್ತೆ ಮಧ್ಯೆ ಕೂತ್ಬಿಡೋಳು. ನಿಧಾನಕ್ಕೆ ಹೆಚ್ಚಿಸ್ತಾ ಹೋಗಿ ಈಗ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ನಿಧಾನದ ನಡಿಗೆ, ಸ್ವಲ್ಪ ಏರು ಇರೋ ರಸ್ತೇಲಿ. ಬಾಲ್ ಎಸೆದು ತರಿಸೋ ಆಟ ಬಿಟ್ವಿ, ಅದ್ರಲ್ಲಿ ಸಡನ್ನಾಗಿ ನಿಂತು ಸರ್ರಂತ ತಿರುಗೋದಿದೆ ನೋಡಿ, ಆ ತಿರುಚೋದು ಒಳ್ಳೇದಲ್ಲ. ಮಳೆಗಾಲದಲ್ಲಿ ನಮ್ಮೂರಲ್ಲಿ ಹೊರಗೆ ಕಾಲಿಡೋಕಾಗಲ್ಲ ಅಂತ ಗೊತ್ತಲ್ಲ, ಜುಲೈಯಲ್ಲಿ ವಾರಗಟ್ಟಲೆ ಹೊಡೆಯುತ್ತೆ, ಆವಾಗ ವರಾಂಡದಲ್ಲೇ ಮೂರ್ನಾಲ್ಕು ಕಡ್ಡಿ ಪೊರಕೆ ನೆಲದ ಮೇಲೆ ಅಡ್ಡ ಮಲಗಿಸಿ ಅದನ್ನ ಒಂದೊಂದೇ ಕಾಲಿಟ್ಟು ದಾಟಿಸೋದು. ಹಾರಿಸ್ಬಾರ್ದು, ದಾಟಿಸ್ಬೇಕು. ಕಾಲು ಎತ್ತಿ ಇಡೋವಾಗ ಇಡೀ ಮೈ ಬ್ಯಾಲೆನ್ಸ್ ಮಾಡ್ಬೇಕಲ್ಲ, ಅದೇ ವ್ಯಾಯಾಮ. ಬೆಲ್ಟ್ ಕುತ್ತಿಗೆಯಿಂದ ತೆಗೆದು ಎದೆಗೆ ಬರೋ ಹಾರ್ನೆಸ್ ಹಾಕಿದ್ವಿ, ಬೀದಿನಾಯಿ ಕಂಡ್ರೆ ಇವಳು ತಾನೇನೋ ಹುಲಿ ಅನ್ನೋ ಹಂಗೆ ಎಳೀತಾಳೆ, ಆ ಎಳೆತ ಎಲ್ಲ ಕುತ್ತಿಗೆ ಮೂಳೆ ಮೇಲೆ ಬೀಳ್ತಿತ್ತು.

ಮನೆ ಒಳಗಿನ ದೊಡ್ಡ ಶತ್ರು ವಿಟ್ರಿಫೈಡ್ ಟೈಲ್ಸ್. ಕಾಲಿಂಗ್ ಬೆಲ್ ಆದ್ರೆ ಒಳಗಿಂದ ಓಡಿ ಬಂದು ಹಾಲಲ್ಲಿ ತಿರುವು ತಗೊಳ್ಳೋವಾಗ ಹಿಂಭಾಗ ಒಂದು ಕಡೆ ಜಾರುತ್ತೆ, ಮುಂಭಾಗ ಇನ್ನೊಂದು ಕಡೆ. ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ನೋಡಿದ್ರೆ ಭಯ ಆಗುತ್ತೆ. ದುಬಾರಿ ಕಾರ್ಪೆಟ್ ಏನೂ ಬೇಡ, ಹಳೇ ಯೋಗ ಮ್ಯಾಟು ಎರಡು ಸೀಳು ಮಾಡಿ ಅವಳು ಓಡೋ ದಾರೀಲಿ ಹಾಸಿದ್ವಿ, ಬಾಗಿಲ ಹತ್ರ ಕೆಳಭಾಗದಲ್ಲಿ ರಬ್ಬರ್ ಇರೋ ಮ್ಯಾಟು. ಜಮಖಾನ ಹಾಸಿದ್ರೆ ಜಮಖಾನ ಸಮೇತ ಜಾರ್ತಾಳೆ, ಅದು ಬೇಡ. ಉಗುರು ಕತ್ತರಿಸೋದು, ಪಾದದ ಮೆತ್ತೆ ಮಧ್ಯೆ ಬೆಳೆಯೋ ಕೂದಲು ಕತ್ತರಿಸೋದು, ಇವೆರಡರಿಂದಾನೇ ಅರ್ಧ ಜಾರೋದು ಕಮ್ಮಿಯಾಯ್ತು. ಟಕ್ ಟಕ್ ಅಂತ ಉಗುರಿನ ಸದ್ದು ಕೇಳ್ತಿದೆ ಅಂದ್ರೆ ಉದ್ದ ಆಗಿದೆ ಅಂತಾನೇ. ಮಹಡಿ ಮೆಟ್ಟಿಲಿಗೆ ಮಕ್ಕಳಿಗೆ ಹಾಕೋ ಗೇಟು. ಆ್ಯಕ್ಟಿವಾ ಫುಟ್‌ಬೋರ್ಡ್ ಮೇಲೆ ನಿಲ್ಲಿಸ್ಕೊಂಡು ಹೋಗೋದು ಬಂದ್, ಸಿಗ್ನಲ್ಲಲ್ಲಿ ಅಲ್ಲಿಂದ ಒಂದು ಸಲ ಹಾರಿದ್ರೆ ಮುಗೀತು.

ಎತ್ತೋದನ್ನ ಎಲ್ರಿಗೂ ಕಲಿಸಬೇಕಾಯ್ತು. ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಗಾಲಿನ ಬುಡಕ್ಕೆ, ಬೆನ್ನು ನೆಲಕ್ಕೆ ಸಮ ಇರ್ಬೇಕು, ಇಳಿಸೋವಾಗ ನಾಲ್ಕೂ ಕಾಲು ನೆಲ ಮುಟ್ಟೋವರೆಗೂ ಕೈ ಬಿಡ್ಬಾರ್ದು. ಮಗಳು ಎಂಟು ವರ್ಷದೋಳು, ಎರಡು ಕಂಕುಳಿಗೂ ಕೈ ಹಾಕಿ ಮಗೂನ ಎತ್ತೋ ಹಂಗೆ ಎತ್ತೋಳು, ಹಿಂಭಾಗ ಪೂರ್ತಿ ಜೋತಾಡೋದು. ಅವಳಿಗೆ ಕೂತ್ಕೊಂಡು ಮಾತ್ರ ಮಡಿಲಿಗೆ ತಗೋ, ನಿಂತು ಎತ್ತಬೇಡ ಅಂತ ರೂಲ್ಸು. ಇನ್ನೊಂದು, ಬೆಂಗಳೂರಿನ ಸೋದರಮಾವ ಬಜ್ಜಿಗೆ ನಮಸ್ತೆ ಮಾಡೋದು ಕಲಿಸಿಟ್ಟಿದ್ರು, ಕುಂಡಿ ಊರಿ ಬೆನ್ನು ನೆಟ್ಟಗೆ ಎತ್ತಿ ಎರಡು ಕೈ ಜೋಡಿಸೋದು. ನೋಡೋಕೆ ಮುದ್ದು, ಬಂದ ನೆಂಟ್ರೆಲ್ಲ ಮಾಡ್ಸಿ ವಿಡಿಯೋ ತೆಗೀತಿದ್ರು. ಆ ಉದ್ದ ಬೆನ್ನಿನ ಪೂರ್ತಿ ಭಾರ ಸೊಂಟದ ಮೇಲೆ ಬೀಳುತ್ತೆ. ಅದಕ್ಕೆ ಒಂದು ಚೂರೂ ತಿಂಡಿ ಕೊಡದೆ, ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ಕೊಡ್ತಾ ಬಂದ್ವಿ, ತಾನಾಗೇ ಬಿಟ್ಟಳು. ನೆಂಟ್ರಿಗೆ ಬೇಜಾರು, ಆಗ್ಲಿ.

ಸಂತಾನಹರಣ ಆಪರೇಷನ್ ಬಗ್ಗೆ ಒಂದೇ ಮಾತು. ಒಂದು ವರ್ಷ ಆಗೋಕೆ ಮುಂಚೆ ಮಾಡಿಸಿದ ಡ್ಯಾಶ್‌ಹೌಂಡುಗಳಲ್ಲಿ ಡಿಸ್ಕ್ ತೊಂದರೆ ಜಾಸ್ತಿ ಅಂತ ಅಧ್ಯಯನ ಇದೆ, ಹಾಗಾಗಿ ಮರಿ ತಂದೋರು ಯಾವಾಗ ಮಾಡಿಸೋದು ಅಂತ ಡಾಕ್ಟರ್ ಹತ್ರ ಕೂತು ಮಾತಾಡಿ. ಪೂರ್ತಿ ಮಾಡಿಸ್ಲೇ ಇಲ್ಲ ಅಂದ್ರೆ ಹೆಣ್ಣಿಗೆ ಮುಂದೆ ಗರ್ಭಕೋಶದಲ್ಲಿ ಕೀವಾಗೋ ಅಪಾಯ ಇದೆ. ನಮ್ಮವಳಿಗೆ ವಯಸ್ಸು ದಾಟಿತ್ತು, ಮಾಡಿಸಿದ್ವಿ, ಆಮೇಲೆ ಹಸಿವು ಜಾಸ್ತಿ ಆಗಿ ಊಟದ ಅಳತೆ ಇನ್ನೊಂಚೂರು ಇಳಿಸಬೇಕಾಯ್ತು.

ಇಷ್ಟೆಲ್ಲ ಮಾಡಿದ್ರೂ ಬರಲ್ಲ ಅಂತ ಗ್ಯಾರಂಟಿ ಇಲ್ಲ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಬಜ್ಜಿ ಊಟದ ತಟ್ಟೆ ಹತ್ರ ಬರ್ಲಿಲ್ಲ. ಊಟ ಬಿಡೋ ಜಾತಿ ಅಲ್ಲವೇ ಅಲ್ಲ ಇದು. ಹೋಗಿ ನೋಡಿದ್ರೆ ಹಾಸಿಗೆ ಪಕ್ಕ ನಿಂತಿದಾಳೆ, ಬೆನ್ನು ಸ್ವಲ್ಪ ಬಿಲ್ಲಿನ ಹಂಗೆ ಮೇಲಕ್ಕೆ, ತಲೆ ಕೆಳಗೆ, ಸಣ್ಣಗೆ ನಡುಗ್ತಿದಾಳೆ. ಹೊಟ್ಟೆ ಮುಟ್ಟಿದ್ರೆ ಹಲಗೆ ಥರ ಬಿಗಿ. ಅಮ್ಮ ಚಳಿ ಇರ್ಬೇಕು ಅಂದ್ರು, ಅಪ್ಪ ಗ್ಯಾಸು ಅಂದ್ರು. ಚಳಿ, ಗ್ಯಾಸು, ಎಲ್ಲದಕ್ಕೂ ಹಿಂಗೇ ಕಾಣುತ್ತೆ, ಅದಕ್ಕೇ ತುಂಬಾ ಜನ ಎರಡು ದಿನ ನೋಡೋಣ ಅಂತ ಕೂತ್ಬಿಡ್ತಾರೆ. ಮೇಡಂ ಹೇಳಿಕೊಟ್ಟಿದ್ದ ಒಂದು ಪರೀಕ್ಷೆ ಮಾಡ್ದೆ. ನಿಂತಿರೋ ನಾಯಿಗೆ ಹೊಟ್ಟೆ ಕೆಳಗೆ ಆಸರೆ ಕೊಟ್ಟು, ಹಿಂಗಾಲಿನ ಪಾದ ನಿಧಾನಕ್ಕೆ ಮಡಚಿ ಪಾದದ ಮೇಲ್ಭಾಗ ನೆಲಕ್ಕೆ ತಾಗೋ ಹಂಗೆ ಇಡೋದು. ನರ ಸರಿಯಿದ್ರೆ ತಕ್ಷಣ ತಿರುಗಿಸ್ಕೊಂಡು ಸರಿಯಾಗಿ ಇಡುತ್ತೆ. ಬಜ್ಜಿ ಎಡಗಾಲು ತಟ್ಟಂತ ತಿರುಗಿಸಿದ್ಲು, ಬಲಗಾಲೂ ತಿರುಗಿಸಿದ್ಲು. ಅಂದ್ರೆ ನೋವಿದೆ, ಕಾಲಿನ ಸ್ವಾಧೀನ ಹೋಗಿಲ್ಲ.

ಆವತ್ತು ರಾತ್ರಿ ಒಂದು ಕೆಲಸ ಮಾಡ್ಲಿಲ್ಲ, ಮನೇಲಿದ್ದ ಪ್ಯಾರಾಸಿಟಮಾಲ್ ಕೊಡ್ಲಿಲ್ಲ. ಪಕ್ಕದ್ಮನೆಯೋರು ಕಾಂಬಿಫ್ಲಾಮ್ ಅರ್ಧ ಕೊಡಿ ಅಂದ್ರು. ನಮ್ಮ ನೋವಿನ ಮಾತ್ರೆಗಳು ನಾಯಿಗೆ ಹೊಟ್ಟೆ ಹುಣ್ಣು, ಲಿವರ್, ಕಿಡ್ನಿ ಹಾಳು ಮಾಡುತ್ತೆ. ಮತ್ತೊಂದು ಕಾರಣಾನೂ ಇದೆ, ಮನೇಲೇ ಅಂಥದ್ದೊಂದು ಕೊಟ್ಟು ಡಾಕ್ಟರ್ ಅದ್ರ ಮೇಲೆ ಇನ್ನೊಂದು ನೋವಿನ ಮಾತ್ರೆನೋ ಸ್ಟೀರಾಯ್ಡೋ ಕೊಟ್ರೆ ಎರಡೂ ಸೇರಿ ಕರುಳಿಗೆ ತೂತು ಬೀಳೋ ಮಟ್ಟಕ್ಕೆ ಹೋಗಬಹುದು. ಫೋನ್ ಮಾಡಿದ್ರೆ ಮೇಡಂ, ಚಿಕ್ಕ ಜಾಗದಲ್ಲಿ ಕೂಡಿ ಹಾಕಿ, ಬೆಳಗ್ಗೆ ಬನ್ನಿ, ರಾತ್ರೀಲಿ ಕಾಲು ಎಳೆಯೋಕೆ ಶುರು ಮಾಡಿದ್ರೆ ಯಾವ ಹೊತ್ತಾದ್ರೂ ಫೋನ್ ಮಾಡಿ ಅಂದ್ರು.

ಬೆಳಗ್ಗೆ ಮೇಡಂ ಬೆನ್ನುಮೂಳೆ ಒಂದೊಂದೇ ಒತ್ತಿ ನೋಡ್ತಾ, ಪಕ್ಕೆಲುಬು ಮುಗಿಯೋ ಜಾಗಕ್ಕೆ ಬಂದಾಗ ಇವಳು ತಿರುಗಿ ಗುರ್ ಅಂದ್ಲು. ಎಕ್ಸ್‌ರೇಲಿ ಒಂದೆರಡು ಡಿಸ್ಕ್ ಜಾಗದಲ್ಲಿ ಬಿಳಿ ಚುಕ್ಕೆ ಕಾಣ್ಸ್ತು, ಅದೇ ಗಟ್ಟಿಯಾಗಿರೋದು. ಬೆನ್ನುಹುರಿ ಎಷ್ಟು ಒತ್ತಿದೆ ಅಂತ ಎಕ್ಸ್‌ರೇಲಿ ಕಾಣಲ್ಲ, ಅದಕ್ಕೆ ಎಂಆರ್‌ಐನೋ ಸಿಟಿ ಸ್ಕ್ಯಾನೋ ಬೇಕು, ಆಪರೇಷನ್ ಮಾಡೋ ಹಂತಕ್ಕೆ ಬಂದಾಗ ಅದು. ಐದು ಹಂತ ಹೇಳಿದ್ರು. ಬರೀ ನೋವು ಒಂದನೇದು, ತೂರಾಡಿಕೊಂಡು ನಡೆಯೋದು ಎರಡು, ಕಾಲು ಅಲ್ಲಾಡಿಸುತ್ತೆ ಆದ್ರೆ ನಡೆಯೋಕಾಗಲ್ಲ ಅಂದ್ರೆ ಮೂರು, ಪೂರ್ತಿ ಬಿದ್ದೋಗಿದೆ ಆದ್ರೆ ಬೆರಳು ಗಟ್ಟಿಯಾಗಿ ಚಿವುಟಿದ್ರೆ ಗೊತ್ತಾಗುತ್ತೆ ಅಂದ್ರೆ ನಾಲ್ಕು, ಅದೂ ಗೊತ್ತಾಗಲ್ಲ ಅಂದ್ರೆ ಐದು. ನಾಲ್ಕರವರೆಗೂ ಆಪರೇಷನ್ ಮಾಡಿದ್ರೆ ಹತ್ತಕ್ಕೆ ಒಂಬತ್ತು ನಾಯಿ ಮತ್ತೆ ನಡೀತಾವೆ, ಐದಕ್ಕೆ ಹೋದ್ರೆ ಅರ್ಧಕ್ಕರ್ಧ, ಅಲ್ಲಿ ಗಂಟೆಗಳ ಲೆಕ್ಕ. ಹಂಗಾಗಿ ಎಲ್ಲಿ ಸ್ಕ್ಯಾನ್ ಇದೆ, ಎಲ್ಲಿ ಬೆನ್ನಿನ ಆಪರೇಷನ್ ಮಾಡ್ತಾರೆ, ಎಷ್ಟು ಖರ್ಚು, ನಿಮ್ಮೂರಿಂದ ಎಷ್ಟು ಹೊತ್ತು ಅಂತ ನಾಯಿ ಚೆನ್ನಾಗಿರೋವಾಗಲೇ ವಿಚಾರಿಸಿ ಬರೆದಿಟ್ಕೊಳ್ಳಿ.

ನಮ್ಮದು ಒಂದನೇ ಹಂತ. ಔಷಧಿ, ಮತ್ತೆ ನಾಲ್ಕು ವಾರ ಕೇಜು. ಮಡಚೋ ಕಬ್ಬಿಣದ ಕೇಜು, ಎದ್ದು ನಿಲ್ಲೋಕೆ, ತಿರುಗಿ ಮಲಗೋಕೆ ಆಗೋವಷ್ಟು ಜಾಗ, ಅಷ್ಟೆ. ಹೊರಗೆ ಕರ್ಕೊಂಡು ಹೋಗೋದು ಒಂದಕ್ಕೆ ಎರಡಕ್ಕೆ ಮಾತ್ರ, ಅದೂ ಎತ್ಕೊಂಡು ಹೋಗಿ, ಹೊಟ್ಟೆ ಕೆಳಗೆ ಟವೆಲ್ ಜೋಲಿ ಹಾಕಿ ಹಿಡ್ಕೊಂಡು. ಕಷ್ಟ ಬಂದಿದ್ದು ಮೊದಲ ವಾರದಲ್ಲಲ್ಲ. ಐದಾರು ದಿನಕ್ಕೆ ಮಾತ್ರೆ ಕೆಲಸ ಮಾಡಿ ನೋವು ಹೋಯ್ತು ನೋಡಿ, ಅಲ್ಲಿಂದ ಇವಳ ರಂಪ. ಬೊಗಳೋದು, ಕೇಜ್ ಕೆರೆಯೋದು, ಅಮ್ಮನ ಮುಖ ನೋಡಿ ಕುಂಯ್ ಅನ್ನೋದು. ಅಮ್ಮ ದಿನಕ್ಕೆ ನಾಲ್ಕು ಸಲ "ಹುಷಾರಾಗಿದೆಯಲ್ಲೋ, ಬಿಡೋ ಪಾಪ" ಅನ್ನೋರು. ನೋವು ಹೋಗಿದೆ, ಡಿಸ್ಕ್ ಹರಿದಿರೋದು ವಾಸಿ ಆಗಿಲ್ಲ, ಈಗ ಬಿಟ್ಟು ಅವಳು ಒಂದು ಸಲ ಸೋಫಾಗೆ ಹಾರಿದ್ರೆ ಇರೋದೂ ಹೊರಗೆ ಬರುತ್ತೆ. ಕೇಜನ್ನ ಹಾಲಲ್ಲಿ ಟಿವಿ ಪಕ್ಕಕ್ಕೇ ಇಟ್ವಿ, ಎಲ್ರೂ ಕಾಣ್ತಿದ್ರೆ ಗಲಾಟೆ ಕಮ್ಮಿ. ಊಟನೆಲ್ಲ ಬಟ್ಟೆ ಮಡಿಕೇಲಿ ಅಡಗಿಸಿ ಕೊಡ್ತಿದ್ವಿ, ಹುಡುಕೋದ್ರಲ್ಲೇ ಅರ್ಧ ಗಂಟೆ ಕಳೆಯೋಳು. ಎಣ್ಣೆ ಹಾಕಿ ನೀವಿಸಿ, ಮೂಳೆ ಕಟ್ಟೋರ ಹತ್ರ ಎಳೆಸಿ ಅಂತ ಹೇಳಿದೋರು ಇದ್ರು, ಅವರಿಗೆಲ್ಲ ಆಯ್ತು ಆಯ್ತು ಅಂದು ಕಳಿಸ್ದೆ. ಎಳೆಯೋದು, ಉಜ್ಜೋದು ಈ ಹೊತ್ತಲ್ಲಿ ಸುತಾರಾಂ ಕೂಡದು.

ಆಮೇಲೆ ವಾಪಸ್ ನಡಿಗೆ ಐದು ನಿಮಿಷದಿಂದ ಶುರು, ಮತ್ತೆ ಹೆಚ್ಚಿಸ್ತಾ ಬಂದ್ವಿ. ಅಷ್ಟು ದಿನ ಮಲಗಿದ್ರೂ ತೂಕ 8.3 ದಾಟಲಿಲ್ಲ, ಅದು ಅಪ್ಪನ ಸೌತೆಕಾಯಿ ಡಬ್ಬಿ ಪುಣ್ಯ. ತೂಕ ಇಳಿಸದೇ ಇದ್ದಿದ್ರೆ ಯಾವ ಹಂತಕ್ಕೆ ಹೋಗ್ತಿತ್ತು ಅಂತ ಮೇಡಮ್ಮನ್ನ ಕೇಳ್ದೆ, ಹಂಗೆಲ್ಲ ಹೇಳೋಕಾಗಲ್ಲ ಅಂತ ನಕ್ಕರು, ಪ್ರಾಮಾಣಿಕ ಉತ್ತರ.

ರ‍್ಯಾಂಪ್ ಅಳತೆ. ನಮ್ಮ ದಿವಾನ ನೆಲದಿಂದ 45 ಸೆಂ.ಮೀ. ಎತ್ತರ. ಆನ್‌ಲೈನಲ್ಲಿ ಸಿಗೋವು ಮುಕ್ಕಾಲು ಭಾಗ ತುಂಬಾ ಗಿಡ್ಡ, ಏರು ಕಡಿದಾಗಿ ನಾಯಿ ಹತ್ತೋದೇ ಇಲ್ಲ. ಕಾರ್ಪೆಂಟರ್ ಹತ್ರ 150 ಸೆಂ.ಮೀ. ಉದ್ದ, 40 ಅಗಲದ ಪ್ಲೈವುಡ್ ಹಲಗೆ ಹಾಕ್ಸಿದ್ವಿ, ಏರು ಸುಮಾರು 17-18 ಡಿಗ್ರಿ ಬರುತ್ತೆ. ಜಾಗ ಇಲ್ಲ ಅಂದ್ರೆ 120ರವರೆಗೂ ಇಳಿಸಬಹುದು, ಆವಾಗ 22 ಡಿಗ್ರಿ, ಅದಕ್ಕಿಂತ ಬೇಡ. ಎರಡೂ ಪಕ್ಕ ಎರಡು ಇಂಚಿನ ಪಟ್ಟಿ, ಮೇಲೆ ಹುಲ್ಲಿನ ಥರದ ಹಸಿರು ಮ್ಯಾಟ್ ಫೆವಿಕಾಲಲ್ಲಿ ಅಂಟಿಸಿದ್ದು, ಕೆಳತುದಿಗೆ ರಬ್ಬರ್ ಬುಷ್, ಇಲ್ದಿದ್ರೆ ಹಲಗೇನೇ ಟೈಲ್ಸ್ ಮೇಲೆ ಜಾರುತ್ತೆ. ಮೊದ್ಲು ದಿವಾನಕ್ಕೆ ಹಚ್ಚಬೇಡಿ, ನೆಲದ ಮೇಲೆ ಹಲಗೆ ಮಲಗಿಸಿ ಅದ್ರ ಮೇಲೆ ನಡೆಸಿ, ಆಮೇಲೆ ಒಂದು ತುದಿಗೆ ಎರಡು ಪುಸ್ತಕ, ಆಮೇಲೆ ನಾಲ್ಕು, ಹಂಗೆ ಏರಿಸಿ. ಹಲಗೆ ಪಕ್ಕದಿಂದ ಹಾರೋ ಚಾಳಿ ಇದ್ರೆ ದಿವಾನದ ಉಳಿದ ಅಂಚಿಗೆ ಲೋಡು ದಿಂಬು ಒತ್ತಾಗಿ ಜೋಡಿಸಿ ದಾರಿ ಒಂದೇ ಮಾಡಿ. ಬಜ್ಜಿ ಇಳಿಯೋಕೆ ರ‍್ಯಾಂಪ್ ಬಳಸ್ತಾಳೆ, ಹತ್ತೋಕೆ ಮಾತ್ರ ಈಗಲೂ ಕೆಳಗೆ ನಿಂತು ಅಪ್ಪನ್ನ ಕರೀತಾಳೆ, ಅವರೂ ಪೇಪರ್ ಕೆಳಗಿಟ್ಟು ಎದ್ದು ಬರ್ತಾರೆ.